ರಾಣಿ ಬಣ್ಣದ ದಾರ

ತಿರುಪುಗಳೆರಡೂ ಬಿಚ್ಚಿಕೊಂಡ ಮೇಲೂ ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ಜರುಗಲಿಲ್ಲ. ಲತಾ ಅಂಗೈಯಿಂದ ಹಿಂದಕ್ಕೆ ನೂಕಿ ನೋಡಿದಳು, ಮೆತ್ತಗೆ ಗುದ್ದಿ ನೋಡಿದಳು, ಕೊನೆಗೆ ಅಡುಗೆಮನೆಗೆ ಹೋಗಿ ದೋಸೆ ಮಗುಚುಗೈ ತಂದು ಸಂದಿಗೆ ತೂರಿಸಿದಳು. ಧೂಳು ಮನೆಯೊಳಗೆ ಬೀಳಬಾರದೆಂದು ಡಬ್ಬವನ್ನು ಮಾಳಿಗೆಯ ಮೇಲಕ್ಕೆ ಹೊತ್ತು ತಂದು ಹಳೆಯ ಪೇಪರಿನ ಮೇಲೆ ಮಲಗಿಸಿದ್ದಳು. ಗೋಡೆಗೆ ಒರಗಿಸಿಟ್ಟ ಫೋನಿನಲ್ಲಿ ಮಗಳು ಮೇಘಶ್ರೀ ಮಾತಾಡುತ್ತಿದ್ದಳು. ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಓದುತ್ತಿದ್ದ ಆ ಹುಡುಗಿಗೆ ತಾಯಿಯ ಕೈಯ ಮೇಲೆ ನಂಬಿಕೆ ಸಾಲದು. ಪ್ಲಗ್ ಕಿತ್ತಿದ್ದೀಯ ತಾನೇ ಎಂದು ಮತ್ತೆ ಮತ್ತೆ ಕೇಳಿದಳು. ಪ್ಲಗ್ ಕಿತ್ತ ಮೇಲೂ ಆನ್ ಮಾಡುವ ಗುಂಡಿಯನ್ನು ಒಂದು ಸಲ ಒತ್ತಿ ಹಿಡಿ, ಒಳಗೆ ಉಳಿದ ಕರೆಂಟು ಹೋಗಲಿ ಅಂದಳು. ಒಳಗೆ ಕೈ ಹಾಕುವ ಮುಂಚೆ ಕಬ್ಬಿಣದ ಚೌಕಟ್ಟನ್ನು ಮುಟ್ಟು, ಒದ್ದೆ ಬಟ್ಟೆ ಮಾತ್ರ ಮುಟ್ಟಿಸಬೇಡ ಅಂದಳು. ಲತಾ ಹೂಂ ಹೂಂ ಅನ್ನುತ್ತ ಕೇಳಿಸಿಕೊಂಡಳು. ಅವಳ ಗಮನವೆಲ್ಲ ಪಕ್ಕದಲ್ಲಿಟ್ಟುಕೊಂಡಿದ್ದ ಖಾಲಿ ಪ್ಲಾಸ್ಟಿಕ್ ಕವರಿನ ಮೇಲಿತ್ತು. ಒಳಗಿನಿಂದ ಬರುವ ಅತ್ತೆಯ ಕಂಬಳಿ ಉಣ್ಣೆಯನ್ನೆಲ್ಲ ಆ ಕವರಿಗೆ ತುಂಬಿ ಸಂಜೆ ಗಂಡನ ಮುಂದೆ ಇಡಬೇಕೆಂದು ಅವಳು ನಿಶ್ಚಯಿಸಿದ್ದಳು.

ಆ ಕಂಪ್ಯೂಟರ್ ಮನೆಗೆ ಬಂದಾಗಲೇ ಹಳತಾಗಿತ್ತು. ಹಿರಿಯೂರು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಸೈಬರ್ ಸೆಂಟರಿನಲ್ಲಿ ಲತಾ ಕನ್ನಡ ಟೈಪಿಂಗ್ ಕಲಿತಿದ್ದಳು. ಜನರೆಲ್ಲ ಮೊಬೈಲ್ ಹಿಡಿದ ಮೇಲೆ ಸೆಂಟರು ಮುಚ್ಚಿತು. ಅವಳು ಕೂತು ಕಲಿತಿದ್ದ ಮೂಲೆಯ ಮಿಷನ್ನನ್ನೇ ಗಂಡ ಶಿವು, ತಾನು ಕೆಲಸ ಮಾಡುವ ತೆಂಗಿನಕಾಯಿ ಮಂಡಿಯ ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ. ಅಂದಿನಿಂದ ಊರಿನ ಎರಡು ಶಾಲೆಗಳ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ ಎಲ್ಲ ಅವಳ ಕೈಯಿಂದಲೇ ಆಗುತ್ತಿದ್ದವು. ಗೇಟಿಗೆ ‘ಲತಾ ಕನ್ನಡ ಟೈಪಿಂಗ್’ ಎಂದು ಸಣ್ಣ ತಗಡಿನ ಬೋರ್ಡು ಕಟ್ಟಿಸಿದ್ದಳು. ಮೇಜಿನ ಕೆಳಗೆ ನೆಲದ ಮೇಲೆ ಕೂರಿಸಿದ ಡಬ್ಬಕ್ಕೆ ಹೂವಿನ ಕಸೂತಿಯ ಮುಸುಕು ಹೊಲಿದು ಹಾಕಿದ್ದಳು. ಶುಕ್ರವಾರ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಬೆಳಗುತ್ತಿದ್ದಳು. ಬರೆಯುವ ಕೆಲಸವಿಲ್ಲದ ಹೊತ್ತಿನಲ್ಲಿ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು.

ಚಳಿ ಶುರುವಾದಾಗ ಅತ್ತೆ ದೊಡ್ಡಕ್ಕನಿಗೆ ಕಣ್ಣಿನ ಪೊರೆ ತೆಗೆಸಿದರು. ಧರ್ಮಪುರದ ಕಡೆಯ ಗೊಲ್ಲರಹಟ್ಟಿಯಲ್ಲಿ ಕಿರಿಯ ಮಗನ ಮನೆಯಲ್ಲಿ ಇರುತ್ತಿದ್ದ ಮುದುಕಿಯನ್ನು ಆಪರೇಷನ್ ಆದಮೇಲೆ ಶಿವು ಹಿರಿಯೂರಿಗೇ ಕರೆತಂದ. ಹೊಗೆ, ಧೂಳು ತಾಗಬಾರದು, ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧಿ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಹಸಿರು ಪಟ್ಟಿ ಕಟ್ಟಿಕೊಂಡು, ಕರಿಯ ಕಂಬಳಿ ಹೊದ್ದು ದೊಡ್ಡಕ್ಕ ಬಂದಳು. ಹಾಲಿನಲ್ಲಿ ಅವಳಿಗೆ ಜಾಗ ಮಾಡಿಕೊಟ್ಟರು. ಕಂಪ್ಯೂಟರ್ ನಡೆಯುವಾಗ ಡಬ್ಬದ ಹಿಂದಿನಿಂದ ಬೆಚ್ಚನೆ ಗಾಳಿ ಬರುವುದನ್ನು ಅವಳು ಬಹುಬೇಗ ಕಂಡುಕೊಂಡಳು. ಅಲ್ಲಿ ಬೆನ್ನು ಕೊಟ್ಟು ಕೂತು, ಕುರಿ ಉಸಿರು ಬಿಟ್ಟಂಗೆ ಐತೆ ಎಂದು ನಗುತ್ತಿದ್ದಳು. ಮೊದಮೊದಲು ಲತಾಳಿಗೂ ನಗು ಬಂದಿತ್ತು.

ಆಮೇಲೆ ಮಿಷನ್ನು ಕೈಕೊಡತೊಡಗಿತು. ಅರ್ಧ ಪುಟ ಬರೆಯುವುದರೊಳಗೆ ಗರಗರ ಸದ್ದು ಮಾಡಿ ತಾನಾಗಿ ಆರಿಹೋಗುತ್ತಿತ್ತು. ಎಂಟನೆಯ ತರಗತಿಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ ಪೂರ್ತಿ ಹೋಯಿತು. ಮತ್ತೆ ಬರೆದಳು, ಮತ್ತೆ ಹೋಯಿತು. ಪರೀಕ್ಷೆಯ ಹಿಂದಿನ ದಿನ ಶಾಲೆಯ ಮೇಷ್ಟರು ಬಂದು ಬಾಗಿಲಲ್ಲೇ ನಿಂತು, ಬೇರೆ ಕಡೆ ಮಾಡಿಸುತ್ತೇವೆ ಬಿಡಮ್ಮ ಎಂದು ಹಸ್ತಪ್ರತಿ ವಾಪಸು ಇಸಿದುಕೊಂಡು ಹೋದರು. ಲತಾ ಅವಮಾನದಿಂದ ಕುದಿಯುತ್ತ ಒಳಗೆ ಬಂದಾಗ ಮುದುಕಿ ಡಬ್ಬದ ಹಿಂಬದಿಗೆ ಕಾಲು ಚಾಚಿಕೊಂಡು, ಕಂಬಳಿಯ ಅಂಚು ನೆಲಕ್ಕೆ ಬಿಟ್ಟು ತೂಕಡಿಸುತ್ತಿದ್ದಳು. ಆ ರಾತ್ರಿ ಅಡುಗೆಮನೆಯಲ್ಲಿ ಗಂಡನಿಗೆ ಬಡಿಸುತ್ತ ಅವಳು ಹೇಳಿದ್ದು ಹಾಲಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಇತ್ತು.

“ಮಿಷನ್ ತುಂಬ ನಿಮ್ಮವ್ವನ ಕಂಬ್ಳಿ ಉಣ್ಣೆನೇ ಹೋಗೈತೆ. ಹಟ್ಟೀನೇ ತಂದು ನನ್ನ ಮನೇಲಿ ಸುರ್ದಂಗಾಗೈತೆ. ಇನ್ನ ನಾನು ಯಾವ ಮುಖ ಇಟ್ಕಂಡು ಕೆಲ್ಸ ಕೇಳಲಿ?”

ಶಿವು ತಲೆ ತಗ್ಗಿಸಿಕೊಂಡೇ ಉಂಡು ಎದ್ದ. ಮಾರನೆಯ ಬೆಳಗ್ಗೆ ಅವರು ಏಳುವ ಹೊತ್ತಿಗೆ ದೊಡ್ಡಕ್ಕ ಕಂಬಳಿ ಮಡಿಸಿ ಗೊಬ್ಬರದ ಚೀಲದೊಳಕ್ಕೆ ಒತ್ತಿ ಇಟ್ಟು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದಳು. ಕುರಿ ಮರಿ ಹಾಕುವ ಕಾಲ, ಕಿರಿ ಸೊಸೆ ಓಬವ್ವ ಒಬ್ಬಳೇ ಆಗುತ್ತಾಳೆ, ಹೋಗುತ್ತೇನೆ ಎಂದಳು. ಇನ್ನೊಂದಷ್ಟು ದಿನ ಇರು ಎಂದು ಶಿವು ಅಂದ. ಲತಾ ಅನ್ನಲಿಲ್ಲ. ಔಷಧಿಯ ಸೀಸೆಯನ್ನು ಮಾತ್ರ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

ಈಗ, ಅತ್ತೆ ಹೋಗಿ ಕೆಲವು ದಿನಗಳಾದ ಮೇಲೆ, ಮಾಳಿಗೆಯ ಬಿಸಿಲಲ್ಲಿ ತಗಡು ಕಡೆಗೂ ಕಳಚಿಕೊಂಡಿತು. ಒಳಗಿದ್ದುದನ್ನು ನೋಡಿ ಲತಾಳಿಗೆ ಮೈ ಜುಮ್ಮೆಂದಿತು. ಬೂದು ಬಣ್ಣದ ಧೂಳು ಗಾದಿಯ ಹಾಗೆ ದಪ್ಪವಾಗಿ ಹಬ್ಬಿತ್ತು. ನಡುವೆ ಇದ್ದ ಪುಟ್ಟ ಫ್ಯಾನು ಕಾಣಿಸುತ್ತಲೇ ಇರಲಿಲ್ಲ. ಸಿಕ್ಕಿತು ಎಂದುಕೊಂಡಳು. ಮೇಘಶ್ರೀ ಹೇಳಿದಂತೆ ರೆಕ್ಕೆ ತಿರುಗದ ಹಾಗೆ ಒಂದು ಬೆರಳಿಂದ ಹಿಡಿದು, ಬಣ್ಣ ಹಚ್ಚುವ ಹೊಸ ಬ್ರಷ್ಷಿನಿಂದ ಮೆಲ್ಲನೆ ಕೆರೆದಳು. ಧೂಳು ಉಂಡೆಯುಂಡೆಯಾಗಿ ಪೇಪರಿನ ಮೇಲೆ ಬಿತ್ತು. ಬೆರಳಲ್ಲಿ ಹಿಸುಕಿದಳು. ನುಣ್ಣಗಿತ್ತು. ಊದುಬತ್ತಿಯ ಬೂದಿ, ಕುಂಕುಮದ ಕೆಂಪು, ಒಣಗಿದ ಸೇವಂತಿಗೆ ಎಸಳಿನ ಚೂರು, ಅಕ್ಷತೆಯ ಅಕ್ಕಿಕಾಳು. ಧೂಳು ಹೋದಮೇಲೆ ಫ್ಯಾನಿನ ನಡುಗಂಬ ಕಾಣಿಸಿತು. ಅದಕ್ಕೆ ದಾರ ಸುತ್ತಿಕೊಂಡಿತ್ತು. ಒಂದರ ಮೇಲೊಂದು ಬಿಗಿಯಾಗಿ, ಬುಗುರಿಗೆ ಚಾಟಿ ಸುತ್ತಿದ ಹಾಗೆ. ರಾಣಿ ಬಣ್ಣದ ರೇಷ್ಮೆ ದಾರ, ಅದರೊಳಗೆ ಗಿಳಿಹಸಿರು, ಅಲ್ಲಲ್ಲಿ ಮಿರುಗುವ ಜರಿಯ ಎಳೆ.

ಅದು ಯಾವ ಸೀರೆಯ ದಾರವೆಂದು ಅವಳಿಗೆ ಹುಡುಕಬೇಕಾಗಿರಲಿಲ್ಲ. ದಸರೆಗೆ ಮುಂಚೆ ಕಟ್ಟಿಕೊಟ್ಟ ಕುಚ್ಚು. ಕತ್ತರಿಸಿದ ತುದಿಗಳನ್ನು ಆಗಾಗ ಗುಡಿಸದೆ ಮೇಜಿನ ಕೆಳಗೆ ತಳ್ಳುತ್ತ ಹೋಗಿದ್ದಳು. ನೆಲದ ಮೇಲೆ ಕೂತಿದ್ದ ಡಬ್ಬ ಅದನ್ನೆಲ್ಲ ಒಳಕ್ಕೆ ಎಳೆದುಕೊಂಡಿತ್ತು. ಅತ್ತೆ ಬರುವುದಕ್ಕೆ ಎಷ್ಟೋ ಮುಂಚೆ.

ಕರಿಯ ಉಣ್ಣೆ ಇರಲೇ ಇಲ್ಲವೆಂದಲ್ಲ. ಹಿಂಬದಿಯ ಜಾಲರಿಯ ಹೊರಗೆ ಒಂದೆರಡು ಎಳೆ ಅಂಟಿಕೊಂಡಿದ್ದವು. ಲತಾ ಅವನ್ನು ಬಿಡಿಸಿ ಅಂಗೈ ಮೇಲೆ ಇಟ್ಟುಕೊಂಡಳು. ಇಷ್ಟೇ ಸಾಕಲ್ಲ, ಇದನ್ನೇ ತೋರಿಸಬಹುದಲ್ಲ ಎಂಬ ಯೋಚನೆ ಬಂದೇ ಬಂತು. ಬಂದದ್ದು ತಿಳಿದು ಕಿವಿಯ ತುದಿಯವರೆಗೆ ಬಿಸಿಯಾಯಿತು. ಅಂಗೈಯನ್ನು ಸೀರೆಗೆ ಒರೆಸಿಕೊಂಡಳು.

ಏನಿತ್ತಮ್ಮ, ಅಜ್ಜಿ ಕಂಬಳಿದೇನಾ ಎಂದು ಫೋನಿನಲ್ಲಿ ಮಗಳು ಕೇಳಿದಳು. ಆ ಮಾತನ್ನು ಮಗಳ ಕಿವಿಗೂ ತಾನೇ ಹಾಕಿದ್ದು ಲತಾಳಿಗೆ ನೆನಪಾಯಿತು. ಧೂಳು ಎಂದಷ್ಟೇ ಹೇಳಿದಳು. ಇನ್ನು ಮೇಲೆ ಡಬ್ಬವನ್ನು ನೆಲದ ಮೇಲೆ ಇಡಬೇಡ, ಗೋಡೆಗೆ ಒತ್ತಿಸಬೇಡ, ನಡೆಯುವಾಗ ಮುಸುಕು ಹಾಕಬೇಡ, ಪಾಪ ಅದಕ್ಕೂ ಉಸಿರಾಡಬೇಕು, ಬರೆದದ್ದನ್ನು ಆಗಾಗ ಪೆನ್‌ಡ್ರೈವಿಗೆ ಹಾಕಿಕೋ ಎಂದು ಹೇಳಿ ಮೇಘಶ್ರೀ ಕ್ಲಾಸಿಗೆ ಹೊತ್ತಾಯಿತೆಂದು ಫೋನಿಟ್ಟಳು.

ಅಷ್ಟರಲ್ಲಿ ಕೆಳಗಿನ ಮನೆಯ ಒಡತಿ ದಾಕ್ಷಾಯಣಮ್ಮ ಮೆಣಸಿನಕಾಯಿ ಒಣಹಾಕಲು ಮೇಲೆ ಬಂದರು. ತಾನೂ ಹಟ್ಟಿಯ ಮಗಳೇ ಎಂದು ಲತಾ ಅವರಿಗೆ ಎಂದೂ ಹೇಳಿರಲಿಲ್ಲ. ತವರು ಇಲ್ಲೇ ಹತ್ತಿರ ಎಂದು ತೇಲಿಸಿಬಿಟ್ಟಿದ್ದಳು. ಅತ್ತೆ ಇದ್ದ ದಿನಗಳಲ್ಲಿ ಮೆಟ್ಟಿಲ ಮೇಲೆ ನಿಂತು ಅವರ ಜೊತೆ ಕಂಬಳಿಯ ವಾಸನೆಯ ಬಗ್ಗೆ ಪಿಸುಗುಟ್ಟಿ ನಕ್ಕದ್ದೂ ಉಂಟು. ಆ ಸಲಿಗೆಯಲ್ಲೇ ಅವರು ಬಗ್ಗಿ ನೋಡಿ ಕೇಳಿದರು.

“ಸಿಕ್ತೇನಮ್ಮ ನಿಮ್ಮತ್ತೆ ಉಣ್ಣೆ?”

ಲತಾ ಸೆರಗನ್ನು ದಾರದ ಮೇಲೆ ಎಳೆದುಕೊಂಡಳು. “ಹೂಂ ರೀ. ಇತ್ತು,” ಎಂದಳು.

ಹೇಳುವ ಯೋಚನೆಯಿರಲಿಲ್ಲ, ಬಾಯಿ ತಾನಾಗಿ ಹೇಳಿತ್ತು. ದಾಕ್ಷಾಯಣಮ್ಮ ನಕ್ಕು ಮೆಣಸಿನಕಾಯಿ ಹರವತೊಡಗಿದರು. ಲತಾ ಬ್ಲೇಡಿನ ತುದಿಯಿಂದ ದಾರವನ್ನು ಎಳೆ ಎಳೆಯಾಗಿ ಕತ್ತರಿಸಿ ತೆಗೆದಳು. ಕೆಳಗೆ ಹೋಗಿ ಅದನ್ನು ಕಸದ ಬುಟ್ಟಿಯಲ್ಲಿ ಈರುಳ್ಳಿ ಸಿಪ್ಪೆಯ ಅಡಿಗೆ ತುರುಕಿದಳು. ಖಾಲಿ ಕವರನ್ನೂ ಅದರ ಮೇಲೆಯೇ ಹಾಕಿದಳು.

ಕಂಪ್ಯೂಟರ್ ಮೊದಲ ಸಲಕ್ಕೇ ಆನ್ ಆಯಿತು. ಸದ್ದಿಲ್ಲ, ಬಿಸಿಯಿಲ್ಲ. ಮಧ್ಯಾಹ್ನವೆಲ್ಲ ಬರೆದರೂ ಆರಲಿಲ್ಲ. ಸಂಜೆ ಶಿವು ಮಂಡಿಯಿಂದ ಬಂದವನು ಅದು ನಡೆಯುವುದನ್ನು ನೋಡಿ, ಅವ್ವ ಹೋದಮೇಲೆ ಸರಿಹೋಯಿತು ನೋಡು, ಕಂಬಳಿ ಬಿಟ್ಟು ಬಾ ಎಂದು ಅವಳಿಗೆ ಕರೆತರುವಾಗಲೇ ಹೇಳಿದ್ದೆ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ತಾಯಿಯಿಂದ ಹೆಂಡತಿಗೆ ತೊಂದರೆಯಾಯಿತೆಂಬ ಸಂಕೋಚವಿತ್ತು. ಲತಾ ಅವನ ತಟ್ಟೆಗೆ ಮುದ್ದೆ ಬಡಿಸಿದಳು. ಅವನು ತುತ್ತು ಮುರಿಯುತ್ತ, ಹಟ್ಟಿಯಿಂದ ಫೋನು ಬಂದಿತ್ತು, ಅವ್ವನ ಕಣ್ಣಲ್ಲಿ ನೀರು ಸೋರುತ್ತಿದೆಯಂತೆ, ಭಾನುವಾರ ಹೋಗಿ ನೋಡಿಕೊಂಡು ಬರುತ್ತೇನೆ ಎಂದ.

“ಭಾನ್ವಾರದ ಮಟ ಬ್ಯಾಡ. ನಾಳೆ ನಾನೇ ಹೋಗ್ತೀನಿ,” ಅಂದಳು ಲತಾ. ಅವನು ಅಚ್ಚರಿಯಿಂದ ತಲೆಯೆತ್ತಿದಾಗ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಬಸ್ಸು ಇಳಿದು ಹಟ್ಟಿಯವರೆಗೆ ಜಾಲಿಯ ಸಾಲಿನ ನಡುವೆ ನಡೆಯಬೇಕು. ಬೇಲಿಯ ಹತ್ತಿರ ಬರುವಾಗಲೇ ಟಿವಿಯ ಸದ್ದು ಕೇಳಿಸಿತು. ಮೈದುನ ಕುರಿ ಹೊಡೆದುಕೊಂಡು ಹೋಗಿದ್ದ. ಅವನ ಹೆಂಡತಿ ಓಬವ್ವ ಒಳಗೆ ಸೊಪ್ಪು ಸೋಸುತ್ತಿದ್ದಳು. ಅಕ್ಕಪಕ್ಕದ ಮನೆಯ ಹೆಂಗಸರಿಬ್ಬರು ಟಿವಿಯ ಮುಂದೆ ಕಾಲು ಚಾಚಿ ಕೂತಿದ್ದರು. ದೊಡ್ಡಕ್ಕ ಮಾತ್ರ ಹೊಸ್ತಿಲಿನಾಚೆ, ಜಗಲಿಯನ್ನೂ ಇಳಿದು, ಅಂಗಳದ ಕಲ್ಲಿನ ಮೇಲೆ ಕೂತಿದ್ದಳು. ಕಂಬಳಿಯನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಅಷ್ಟು ದೂರದಿಂದ, ತೆರೆದ ಬಾಗಿಲಿನೊಳಗೆ ಕತ್ತು ನೀಡಿ ಟಿವಿ ನೋಡುತ್ತಿದ್ದಳು. ಒಂದು ಕಣ್ಣು ಕೆಂಪಗೆ ಊದಿ, ನೀರು ಕೆನ್ನೆಗೆ ಇಳಿದಿತ್ತು. ಪಕ್ಕದಲ್ಲೇ ನೀರೊಲೆ ಹೊಗೆಯಾಡುತ್ತಿತ್ತು.

ಅತ್ತೆ ಯಾಕೆ ಹೊಗೆಯಲ್ಲಿ ಕೂತಿದ್ದಾಳೆಂದು ಲತಾ ಓಬವ್ವನನ್ನು ಕೇಳಿದಳು.

“ಕರ್ದು ಕರ್ದು ಸಾಕಾತು ನೋಡಕ್ಕ. ನನ್ನ ಕಂಬ್ಳಿ ಉಣ್ಣೆ ಹೋದ್ರೆ ಮಿಷನ್ನು ಕೆಡ್ತವೆ ಅಂತೈತೆ. ಹಿರೇ ಸೊಸೆದು ಒಂದು ಕೆಡಿಸ್ದೆ, ಹೊಟ್ಟೆಪಾಡಿಂದು, ಇನ್ನ ನಿಂದೂ ಕೆಡಿಸ್ಲಾ ಅಂತೈತೆ. ಟಿವಿ ತಾವ್ಕೆ ಬರಂಗೇ ಇಲ್ಲ. ಕಣ್ಣಿಗೆ ಔಷ್ದಿ ಬಿಡಾಕೆ ಹೋದ್ರೂ ನಿನ್ ಕೆಲ್ಸ ನೋಡ್ಕ ಅಂತೈತೆ.”

ಟಿವಿ ನೋಡುತ್ತಿದ್ದ ಹೆಂಗಸರು ತಿರುಗಿ ಲತಾಳನ್ನು ನೋಡಿದರು. ಅವಳ ಕಂಪ್ಯೂಟರ್ ಕೆಟ್ಟ ಸಂಗತಿ ಅವರಿಗೆಲ್ಲ ಗೊತ್ತಿತ್ತು. ಒಬ್ಬಳು, ಪಾಪ, ಸರಿಹೋಯಿತೇನವ್ವ ನಿನ್ನ ಮಿಷನ್ನು ಎಂದು ಕನಿಕರದಿಂದಲೇ ಕೇಳಿದಳು. ಮುದುಕಿ ತಾನೇ ಹೋಗಿ ಹೋಗಿ ಎಲ್ಲರಿಗೂ ಹೇಳಿಕೊಂಡಿದ್ದಳು. ಸೊಸೆಯ ಮೇಲೆ ದೂರಾಗಿ ಅಲ್ಲ, ತಾನು ಮಾಡಿದ ತಪ್ಪಾಗಿ. ಲತಾಳಿಗೆ ಆ ಹೆಂಗಸಿನ ಮುಖ ನೋಡಲಾಗಲಿಲ್ಲ. ಅಂಗಳಕ್ಕೆ ಇಳಿದು ಹೋಗಿ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ದೊಡ್ಡಕ್ಕ ಅವಳನ್ನು ಗುರುತು ಹಿಡಿದೊಡನೆ ಕಂಬಳಿಯ ಅಂಚನ್ನು ಸರಕ್ಕನೆ ತನ್ನ ಕಡೆಗೆ ಎಳೆದುಕೊಂಡಳು, ಸೊಸೆಯ ಸೀರೆಗೆ ತಾಗದ ಹಾಗೆ.

“ಅತ್ತೆ, ಅದು ನಿನ್ನ ಉಣ್ಣೆ ಅಲ್ಲ,” ಎಂದಳು ಲತಾ. ಓಬವ್ವನಿಗೂ ಉಳಿದವರಿಗೂ ಕೇಳಿಸಲೆಂದು ದನಿಯನ್ನು ಇಳಿಸಲಿಲ್ಲ. “ನಾನೇ ಬಿಚ್ಚಿ ನೋಡ್ದೆ. ನಾನು ಕುಚ್ಚು ಹಾಕೋ ದಾರ ಫ್ಯಾನಿಗೆ ಸುತ್ಕಂಡಿತ್ತು. ನೀನು ಬರಾಕಿಂತ ಮುಂಚಿಂದು. ನಾನು ಸುಮ್‌ಸುಮ್ನೆ ನಿನ್ನ ಮೇಲೆ ಹಾಕ್ದೆ.”

ಮುದುಕಿ ಮಗುವನ್ನು ಸಮಾಧಾನ ಮಾಡುವವಳ ಹಾಗೆ ಅವಳ ಮಂಡಿ ತಟ್ಟಿದಳು.

“ಇರ್ಲಿ ಬಿಡವ್ವ. ಮುದ್ಕಿ ನೊಂದ್ಕತಾಳೆ ಅಂತ ಹಿಂಗ್ ಹೇಳ್ತೀಯ. ನಂಗೊತ್ತಿಲ್ವಾ, ಕಂಬ್ಳಿ ಉದುರ್ತೈತೆ.”

ಇಲ್ಲ ಅತ್ತೆ, ನಿಜವಾಗಿಯೂ ಎಂದು ಲತಾ ಮತ್ತೆ ಹೇಳಿದಳು. ಫ್ಯಾನಿನ ಕಂಬ ಹೇಗಿತ್ತು, ದಾರ ಹೇಗಿತ್ತು ಎಂದು ಬೆರಳಿಂದ ತೋರಿಸಿ ವಿವರಿಸಿದಳು. ಹೇಳುತ್ತ ಹೋದಷ್ಟೂ ಅದು ಕಟ್ಟಿಕೊಂಡು ಬಂದ ಮಾತಿನಂತೆ ಅವಳಿಗೇ ಕೇಳಿಸಿತು. ಆ ದಾರವನ್ನಾದರೂ ತರಬಹುದಾಗಿತ್ತು. ಅದು ಕಸದ ಗಾಡಿಯಲ್ಲಿ ಎಲ್ಲಿಗೆ ಹೋಯಿತೋ. ದೊಡ್ಡಕ್ಕ ಹೂಂ ಹೂಂ ಎಂದು ತಲೆಯಾಡಿಸಿ, ಊಟ ಮಾಡಿದೆಯಾ ಎಂದು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಓಬವ್ವ ಒಂದು ಸಲ ಲತಾಳನ್ನು ನೆಟ್ಟಗೆ ನೋಡಿ ಒಳಗೆ ಹೋದಳು. ಅವಳು ನಂಬಿದ್ದಳು. ಅವಳು ನಂಬಿದ್ದೇ ಲತಾಳ ಬೆನ್ನನ್ನು ಬಿಸಿಲಿಗಿಂತ ಹೆಚ್ಚು ಸುಟ್ಟಿತು.

ಆ ರಾತ್ರಿ ಲತಾ ಅಲ್ಲೇ ಉಳಿದಳು. ಬೆಳಗಿನ ಬಸ್ಸಿಗೆ ಅತ್ತೆಯನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ಔಷಧಿ ಯಾಕೆ ನಿಲ್ಲಿಸಿದಿರಿ, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಣ್ಣೇ ಹೋಗುತ್ತಿತ್ತು ಎಂದು ರೇಗಿದರು. ಅವರ ಕಣ್ಣು ಸೊಸೆಯ ಮೇಲಿತ್ತು. ಲತಾ ಉತ್ತರಕ್ಕೆ ಬಾಯಿ ತೆರೆಯುವ ಮುಂಚೆ ದೊಡ್ಡಕ್ಕ ಕುರ್ಚಿಯಿಂದಲೇ ಕೈಮುಗಿದಳು.

“ಅವ್ಳಿಗೇನೂ ಅನ್ಬ್ಯಾಡ್ರಿ ಸ್ವಾಮಿ. ಅವ್ಳು ಚೆನ್ನಾಗೇ ನೋಡ್ಕಂಡ್ಳು. ನಾನೇ ಮರಿ ನೋಡ್ಬೇಕು ಅಂತ ಎದ್ದೋದೆ.”

ಡಾಕ್ಟರು ಬೇರೆ ಔಷಧಿ ಬರೆದುಕೊಟ್ಟರು. ಲತಾ ಚೀಟಿ ಹಿಡಿದು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಾಗ ಅಕ್ಷರಗಳು ಮಸುಕಾದವು. ಹಿಂದಿದ್ದವನು ಮುಂದೆ ಹೋಗ್ರಿ ಎಂದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಹಿರಿಯೂರಿನಲ್ಲಿ ಇಳಿಯುವಾಗ ದೊಡ್ಡಕ್ಕ, ನಾನು ಇದೇ ಹಾದಿಗೆ ಹಟ್ಟಿಗೆ ಹೋಗುತ್ತೇನೆ, ನಿನಗೆ ಕೆಲಸ ಕೆಡುತ್ತದೆ ಎಂದು ಸೀಟು ಬಿಟ್ಟು ಏಳಲಿಲ್ಲ. ಕಂಡಕ್ಟರು ಸೀಟಿ ಊದುತ್ತಿದ್ದ. ಲತಾ ಅವಳ ರಟ್ಟೆ ಹಿಡಿದು, ಕಂಬಳಿಯ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ಇಳಿಸಿದಳು. ಮನೆಯ ಗೇಟಿನಲ್ಲಿ ದಾಕ್ಷಾಯಣಮ್ಮ ತರಕಾರಿ ಕೊಳ್ಳುತ್ತ ನಿಂತಿದ್ದರು. ಅತ್ತೆಯನ್ನು ಮೆಟ್ಟಿಲ ಮೇಲೆ ಕೂರಿಸಿ ಲತಾ ಹಿಂದಕ್ಕೆ ಬಂದಳು. ಉಣ್ಣೆ ಇರಲಿಲ್ಲ ರೀ, ನನ್ನ ಕುಚ್ಚಿನ ದಾರ ಇತ್ತು, ನಾನು ಸುಳ್ಳು ಹೇಳಿದೆ, ನಾನೂ ಹಟ್ಟಿಯವಳೇ ಎಂದು ಒಂದೇ ಉಸಿರಿಗೆ ಹೇಳಿದಳು. ದಾಕ್ಷಾಯಣಮ್ಮನಿಗೆ ಯಾವ ಸುಳ್ಳು ಎಂದು ತಕ್ಷಣ ಹೊಳೆಯಲಿಲ್ಲ. ಆಮೇಲೆ, ಅಯ್ಯೋ, ಏನೋ ಒಂದು, ಸರಿಹೋಯಿತಲ್ಲ ಬಿಡಮ್ಮ ಎಂದು ಬೀನ್ಸ್ ಆರಿಸತೊಡಗಿದರು.

ಶಿವುವಿಗೂ ಹೇಳಿದಳು. ನಾನೂ ಆ ರಾತ್ರಿ ಏನೂ ಅನ್ನಲಿಲ್ಲವಲ್ಲ ಎಂದಷ್ಟೇ ಅಂದು ಅವನು ಎದ್ದು ಹೋದ.

ದೊಡ್ಡಕ್ಕ ಈ ಸಲ ಹಾಲಿನಲ್ಲಿ ಮಲಗಲು ಒಪ್ಪಲಿಲ್ಲ. ಅಡುಗೆಮನೆಯ ಮೂಲೆಯೇ ಬೆಚ್ಚಗಿದೆ ಎಂದು ಅಲ್ಲಿ ಹಾಸಿಕೊಂಡಳು. ಕಂಬಳಿಯನ್ನು ಮಾಳಿಗೆಯ ಹಗ್ಗದ ಮೇಲೆ ಹಾಕಿಸಿದಳು. ಲತಾ ಅದನ್ನು ತಂದು ಹೊದಿಸಿದರೆ, ತಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅದು ಮತ್ತೆ ಬಾಗಿಲಾಚೆ ಮೆಟ್ಟಿಲ ಮೇಲೆ ಇರುತ್ತಿತ್ತು. ಕಣ್ಣು ಮಾತ್ರ ದಿನದಿನಕ್ಕೆ ತಿಳಿಯಾಯಿತು. ಕ್ಯಾಲೆಂಡರಿನ ಅಂಕಿ ಕಾಣಿಸುತ್ತದೆ ಎಂದು ಒಂದು ಬೆಳಗ್ಗೆ ಹೇಳಿದಳು.

ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಇನ್ನೊಂದು ಶಾಲೆಯಿಂದ ಕೆಲಸ ಬಂತು. ಇಟ್ಟಿಗೆಯ ಮೇಲೆ ಎತ್ತಿ ಇರಿಸಿದ ಡಬ್ಬ ಸದ್ದಿಲ್ಲದೆ ನಡೆಯುತ್ತಿತ್ತು. ಲತಾ ಗಣಿತದ ಪತ್ರಿಕೆ ಬರೆಯುತ್ತ ಕೂತಿದ್ದಳು. ಬಚ್ಚಲಿಗೆ ಹೋಗಬೇಕಾದರೆ ಹಾಲನ್ನು ದಾಟಿಯೇ ಹೋಗಬೇಕು. ಯಾರೋ ನಿಂತಂತಾಗಿ ತಲೆಯೆತ್ತಿ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ದೊಡ್ಡಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಈಗ ದಾಟ್ಲೇನವ್ವ?” ಎಂದು ಕೇಳಿದಳು.

ಲತಾ ಬೆರಳುಗಳನ್ನು ಅಕ್ಷರಗಳ ಮೇಲಿಂದ ತೆಗೆದಳು. ಮುದುಕಿ ಸೀರೆಯ ನೆರಿಗೆಯನ್ನು ಒಂದು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಮಲಗಿರುವ ಮಗುವಿನ ಪಕ್ಕದಲ್ಲಿ ಹಾಯುವವಳಂತೆ ಉಸಿರು ಹಿಡಿದುಕೊಂಡು, ಎದುರು ಗೋಡೆಗೆ ಬೆನ್ನು ಸವರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಆಚೆಗೆ ನಡೆದಳು.